ಮನಸ್ಸಿನ ಮಾಸ್ತರರೊಂದಿಗೆ ಚೌಕಾಶಿ

ಕೊಲ್ಹಾಪುರ ಜಿಲ್ಲೆಯಲ್ಲಿ ಅತ್ಯಂತ ಕೆಟ್ಟ ವ್ಯಾಪಾರಿ ಯಾರು ಎಂದು ನೀವು ಕೇಳಿದರೆ, ನಾನು ಹಿಂದೆಮುಂದೆ ನೋಡದೆ ನನ್ನ ಹೆಂಡತಿಯ ತಮ್ಮನನ್ನು ತಂದು ನಿಮ್ಮ ಎದುರು ನಿಲ್ಲಿಸುತ್ತೇನೆ. ಅವನು ವ್ಯಾಪಾರಿಯೇ ಅಲ್ಲವಲ್ಲ, ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ಮಾಸ್ತರನಲ್ಲವೇ ಎಂದು ನೀವು ತಕರಾರು ತೆಗೆಯಬಹುದು. ನನ್ನ ಸಂಕಟವೇ ಅದು! ನಾನು ಇಚಲಕರಂಜಿಯಲ್ಲಿ ಸೂತಿನ, ಅಂದರೆ ನೂಲಿನ, ದಲಾಲಿ ಮಾಡುವವನು. ಎದುರಿಗೆ ಕೂತ ಮಗ್ಗದ ಮಾಲಕನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವನ ಹುಬ್ಬು ನೋಡಬೇಕು, ಎಲೆಗೆ ಸುಣ್ಣ ಹಚ್ಚುವ ರೀತಿ ನೋಡಬೇಕು, ಕಾಲು ಬಾಗಿಲ ಕಡೆ ತಿರುಗಿದೆಯೋ ಗಾದಿಯ ಕಡೆ ತಿರುಗಿದೆಯೋ ನೋಡಬೇಕು. ಇಷ್ಟು ಕಲಿಯುವಷ್ಟರಲ್ಲಿ ನನ್ನ ತಲೆ ಬೋಳಾಯಿತು. ಈ ಮಹಾಶಯನಿಗೆ ಅದೇ ವಿದ್ಯೆಯನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಟ್ಟಿದ್ದಾರೆ! ಅದನ್ನು ಅವನು ಯಾವುದಕ್ಕೆ ಬಳಸುತ್ತಾನೆ? ಯಾವುದಕ್ಕೂ ಇಲ್ಲ!

ಉತ್ಪ್ರೇಕ್ಷೆ ಎನ್ನುತ್ತೀರಾ? ಒಮ್ಮೆ ಅವನ ಜೊತೆ ಕೊಲ್ಹಾಪುರದ ಬಾಜಾರಿಗೆ ಹೋಗಿ ನೋಡಿ. ನಾನು ಹೋಗಿದ್ದೆ. ಕರ್ನಾಟಕದ ಗಡಿಯ ಕಡೆಯ ಮುದುಕಿಯೊಬ್ಬಳು ಬದನೆಕಾಯಿ ಹರವಿಕೊಂಡು ಕೂತಿದ್ದಳು. ಇವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ: "ಅವ್ವಾ, ಈಗ ನಾ ಕಡಿಮಿ ದರ ಕೇಳತೇನ್ರಿ. ನಿಮ್ಮ ಬದನಿಕಾಯಿ ಕೆಟ್ಟಾವ ಅಂತಲ್ಲ. ಹಂಗ ಕೇಳೂ ಪದ್ಧತಿ ಐತಿ ಅಂತ ಕೇಳತೇನಿ. ಮನಸಿಗೆ ಹಚಗೋಬ್ಯಾಡ್ರಿ."

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರ ಯಾಕ್ ಕೇಳತೀಯಪಾ, ಬಿಡು!" ಎಂದು ತಾನು ಹೇಳಿದ ದರಕ್ಕೇ ತೂಗಿ ಚೀಲಕ್ಕೆ ಸುರಿದಳು. ಇವನು ಕೈಮುಗಿದು ಎದ್ದು ಬಂದ. ಎದ್ದು ಬಂದು ನನಗೆ ಹೇಳುತ್ತಾನೆ: "ನೋಡ್ರಿ ದಾಜಿ, ಇಬ್ಬರಿಗೂ ತ್ರಾಸ ಆಗಲಿಲ್ಲ."

ದಾಜಿ ಎಂದರೆ ನಮ್ಮ ಕಡೆ ಅಕ್ಕನ ಗಂಡ. ಆ ಶಬ್ದವನ್ನು ಅವನು ಎಷ್ಟು ಮೆತ್ತಗೆ ಹೇಳುತ್ತಾನೆಂದರೆ, ಬೈಯಲು ತೆರೆದ ಬಾಯಿಗೆ ನಾನು ಅಡಿಕೆ ಹಾಕಿಕೊಂಡು ಮುಚ್ಚಬೇಕಾಗುತ್ತದೆ.

ಇನ್ನು ಅವನ ಕ್ಲಾಸಿನ ಕಥೆ. ಕಣ್ಣಾರೆ ಕಂಡದ್ದನ್ನೂ ಮನುಷ್ಯ ತಪ್ಪಾಗಿ ಹೇಳುತ್ತಾನೆ ಎಂಬ ಒಂದು ಪಾಠವಿದೆಯಂತೆ. ಅದನ್ನು ಕಲಿಸಲು ಬೇರೆ ಮಾಸ್ತರರು ಒಂದು ಆಟ ಹೂಡುತ್ತಾರಂತೆ. ಪಾಠ ನಡೆದಿರುವಾಗ ಯಾರೋ ಒಬ್ಬ ಒಳಗೆ ನುಗ್ಗಿ ಏನನ್ನೋ ಕಸಿದುಕೊಂಡು ಓಡುತ್ತಾನೆ. ಆಮೇಲೆ ಹುಡುಗರಿಗೆ ಕಂಡದ್ದನ್ನು ಬರೆಯಿರಿ ಎಂದರೆ ಒಬ್ಬೊಬ್ಬರದು ಒಂದೊಂದು ಥರ. ನನ್ನ ಭಾವಮೈದುನ ಈ ಆಟ ಆಡಿಸಲೋ ಬೇಡವೋ ಎಂದು ಕೊರಗುತ್ತಿದ್ದ.

"ಕೊರಗೂದೇನೈತೋ? ಕಳ್ಳ ನಾ ಆಗತೇನಿ," ಎಂದೆ.

"ಹುಡುಗರನ್ನ ಮೋಸ ಮಾಡಿದ್ಹಂಗ ಆಗತೈತಲ್ರಿ ದಾಜಿ."

"ಕಲಿಸಾಕ ಮಾಡೂ ಮೋಸಕ್ಕ ಮೋಸ ಅನ್ನೂದಿಲ್ಲ."

"ಮತ್ತೇನಂತಾರ?"

ನಾನು ಸ್ವಲ್ಪ ಯೋಚಿಸಿ, "ಶಿಕ್ಷಣ ಅಂತಾರ," ಎಂದೆ. ಆ ಉತ್ತರದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.

ಅವನು ಒಪ್ಪಿದ. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ಬೇಗ ಒಪ್ಪುವ ಗಿರಾಕಿಯನ್ನು ಎಂದೂ ನಂಬಬೇಡಿ ಎಂದು ನಾನೇ ಎಷ್ಟು ಜನರಿಗೆ ಬುದ್ಧಿ ಹೇಳಿಲ್ಲ! ಆ ದಿನ ರುಮಾಲನ್ನು ಕಿವಿ ಮುಚ್ಚುವ ಹಾಗೆ ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ, ಬಾಗಿಲನ್ನು ಒದ್ದು ಒಳಗೆ ನುಗ್ಗಿದೆ. "ಯಾರೂ ಅಲ್ಲಾಡಬ್ಯಾಡ್ರಿ!" ಎಂದು ಗರ್ಜಿಸಿದೆ. ಮೇಜಿನ ಮೇಲಿನ ಕೊಡೆ ಕಸಿದುಕೊಂಡೆ.

ಇಡೀ ಕ್ಲಾಸು ಎದ್ದು ನಿಂತು ಚಪ್ಪಾಳೆ ತಟ್ಟಿತು! ಹಿಂದಿನ ಬೆಂಚಿನಿಂದ ಯಾರೋ ಮರಾಠಿಯಲ್ಲಿ, "ಯಾ ದಾಜೀ, ಯಾ!" ಎಂದು ಸ್ವಾಗತ ಕೋರಿದರು.

ಆಗಿದ್ದೇನು? ನಾನು ಬರುವ ಮೊದಲೇ ಇವನು ಹುಡುಗರಿಗೆಲ್ಲ ಹೇಳಿಬಿಟ್ಟಿದ್ದ: ಇವತ್ತು ನಮ್ಮ ದಾಜಿ ಕಳ್ಳನಾಗಿ ಬರುತ್ತಾರೆ, ಅಂಜಬೇಡಿ, ಅಂಜಿಕೆ ಆಗುವವರು ಹೊರಗೆ ಕೂಡ್ರಬಹುದು, ಹಾಜರಿ ಹಾಕುತ್ತೇನೆ. ಕೊಡೆ ಹಿಡಿದುಕೊಂಡು ಎತ್ತ ಓಡುವುದೆಂದು ತಿಳಿಯದೆ ನಾನು ಮೊದಲ ಬೆಂಚಿನ ತುದಿಯಲ್ಲಿ ಕೂತುಬಿಟ್ಟೆ. ಆದರೆ ಸೋಜಿಗ ಕೇಳಿ! ಮೊದಲೇ ತಿಳಿದಿದ್ದರೂ ಆ ಹುಡುಗರು ಬರೆದದ್ದು ಬೇರೆ ಬೇರೆಯೇ. ಒಬ್ಬ ಕೆಂಪು ರುಮಾಲು ಎಂದ, ಒಬ್ಬ ಬೋಳುತಲೆ ಎಂದ, ಒಬ್ಬ ನನ್ನ ಕೈಯಲ್ಲಿ ಕುಡಗೋಲು ಕಂಡಿದ್ದ. ಯಾರೋ ಒಬ್ಬರು ಮಾತ್ರ 'ಕಳ್ಳ ಎತ್ತರದ, ಸುಂದರ ಗೃಹಸ್ಥ' ಎಂದು ಬರೆದಿದ್ದರು. ಆ ಬುದ್ಧಿವಂತ ಯಾರೆಂದು ಎಷ್ಟು ಸಲ ಕೇಳಿದೆ! ಹೇಳಲಿಲ್ಲ. "ಹೆಸರ ಹೇಳೂದಿಲ್ಲ ಅಂತ ಮಾತ ಕೊಟ್ಟೇನ್ರಿ," ಎಂದ.

ಇಂಥವನ ಕ್ಲಾಸಿಗೆ ನನ್ನ ಮಗಳು ಸೇರಿದಳು. ಸೇರಿದಳೇನು, ನಾನೇ ಸೇರಿಸಿದೆ. ಸೋದರಮಾವನ ಮನೆಯಲ್ಲೇ ಇರುತ್ತಾಳೆ, ಅವನದೇ ವಿಷಯ ಓದುತ್ತಾಳೆ, ಮೇಲಾಗಿ ಮಂದಿಯ ಮನಸ್ಸು ತಿಳಿಯುವುದನ್ನು ಕಲಿತು ಬಂದರೆ ನನ್ನ ಗಾದಿಯ ಹಿಂದೆ ಕೂತು ಗಿರಾಕಿಗಳನ್ನು ತೂಗಿ ಹೇಳುತ್ತಾಳೆ. ಎಂಥ ಲೆಕ್ಕಾಚಾರ!

ದೀಪಾವಳಿಗೆ ಮನೆಗೆ ಬಂದವಳು ಗಿರಾಕಿಗಳನ್ನು ಬಿಟ್ಟು ನನ್ನನ್ನೇ ತೂಗಿದಳು. ನಾನು ಅಂಗಡಿಗೆ ಕೀಲಿ ಹಾಕಿ, ಜಗ್ಗಿ ನೋಡಿ, ಓಣಿಯ ತುದಿಯಿಂದ ಮತ್ತೆ ತಿರುಗಿ ಬಂದು ಜಗ್ಗಿ ನೋಡುತ್ತೇನೆ. ಯಾವ ವ್ಯಾಪಾರಿ ನೋಡುವುದಿಲ್ಲ? "ಅಪ್ಪಾ, ಇದಕ್ಕ ನಮ್ಮ ಪುಸ್ತಕದಾಗ ಒಂದು ರೋಗದ ಹೆಸರೈತಿ!" ಎಂದು ಅವರವ್ವನ ಎದುರೇ ಹೇಳಿದಳು. ಹೆಂಡತಿಗೆ ಆದ ಸಂತೋಷವನ್ನು ಏನೆಂದು ವರ್ಣಿಸಲಿ! ಮದುವೆಯಾದಾಗಿನಿಂದ ಅವಳು ಹುಡುಕುತ್ತಿದ್ದ ಶಬ್ದ ಅದು.

ಸುದ್ದಿ ಕೊಲ್ಹಾಪುರ ಮುಟ್ಟಿತು. ಭಾವಮೈದುನ ಮುಂದಿನ ಬಸ್ಸಿಗೇ ಹತ್ತಿ ಬಂದು ನನ್ನ ಕ್ಷಮೆ ಕೇಳಿದ! ಮನೆಯವರಿಗೆ, ನೆಂಟರಿಗೆ, ಎದುರಿಲ್ಲದವರಿಗೆ ಯಾರೂ ರೋಗದ ಹೆಸರು ಹಚ್ಚಬಾರದು ಎಂದು ಕ್ಲಾಸಿನಲ್ಲಿ ಕಟ್ಟಳೆ ಮಾಡಿದನಂತೆ.

"ಕೈಯಾಗ ಕತ್ರಿ ಕೊಟ್ಟು, ಅರಿವಿ ಕತ್ತರಿಸಬ್ಯಾಡ ಅಂದ್ರ ಹೆಂಗೋ?" ಎಂದೆ.

"ಅದು ಅಂಗಡ್ಯಾಗ ಸುತ್ತಿಟ್ಟ ಥಾನಿನ್ಯಾಗಿನ ಅರಿವಿ ಅಲ್ರಿ ದಾಜಿ. ಮಂದಿ ಮೈಮ್ಯಾಲ ಉಟಗೊಂಡಿದ್ದು."

ಇಷ್ಟೇಕೆ ಅಂಜುತ್ತಾನೆ ಈ ಮನುಷ್ಯ ಎಂದು ಹೆಂಡತಿಯನ್ನು ಕೇಳಿದೆ. ಆಗ ಅವಳು ಹೇಳಿದಳು. ಕಲಿಸಲು ಸೇರಿದ ಹೊಸದರಲ್ಲಿ ಇವನು ಬುದ್ಧಿಯ ಪರೀಕ್ಷೆಯೊಂದನ್ನು ಮಾಡಿ, ಯಾರಿಗೆ ಎಷ್ಟು ಬಂತೆಂದು ಎಲ್ಲರೆದುರು ಓದಿದ್ದನಂತೆ. ಎಲ್ಲರಿಗಿಂತ ಕಡಿಮೆ ಬಂದ ಹುಡುಗ ಮರುದಿನದಿಂದ ಕಾಲೇಜಿಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಯಡ್ರಾವದಲ್ಲಿ ಮಗ್ಗದ ಮುಂದೆ ಸಿಕ್ಕ. "ನಿಮ್ಮ ಪರೀಕ್ಷಾನ ಹೇಳೇತಲ್ರಿ ಸರ್, ನನಗ ಇಷ್ಟ ಸಾಕು," ಎಂದನಂತೆ. ಇವನು ಎಷ್ಟು ಕರೆದರೂ ಬರಲಿಲ್ಲ. ಈ ಮಾತನ್ನು ಇವನು ನನಗೆ ಎಂದೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಏನಾದರೂ ಒಂದು ಸಲಹೆ ಕೊಡುತ್ತಿದ್ದೆ. ಅದಕ್ಕೇ ಹೇಳಲಿಲ್ಲವೆಂದು ಕಾಣುತ್ತದೆ.

ಇಷ್ಟರಲ್ಲಿ ಮಗಳಿಗೆ ಗಡಿಂಗ್ಲಜದಿಂದ ಒಂದು ಸಂಬಂಧ ಬಂತು. ಮೆಣಸಿನಕಾಯಿ ವ್ಯಾಪಾರಸ್ಥರ ಮನೆ. ಅಂಗಳದ ತುಂಬ ಕೆಂಪಗೆ ಒಣಗುವ ಮಾಲು, ಮಾತಿನಲ್ಲಿ ಮಾತ್ರ ಬೆಲ್ಲ. ನಾನು ಎರಡೂ ಕೈಯಿಂದ ಬಾಚಿಕೊಂಡೆ. ಅಡಚಣೆ ಒಂದೇ: ಮಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ನೀ ಹೇಳಿದ್ಹಂಗ ಅಪ್ಪಾ," ಎಂದು ಹೇಳಿ ಪುಸ್ತಕ ತೆರೆದುಕೊಂಡಳು. ಗಿರಾಕಿ ಹಾಗೆಂದರೆ ಅದು ಒಪ್ಪಿಗೆಯಲ್ಲ ಎಂಬುದು ನನ್ನಂಥವನಿಗೆ ತಿಳಿಯದೆ? ಆದರೆ ಒಳಗೇನಿದೆ ಎಂದು ಮಾತ್ರ ತಿಳಿಯಲಿಲ್ಲ.

ಆಗ ಭಾವಮೈದುನನ ಹೆಂಡತಿಯಿಂದ ಒಂದು ಸುಳಿವು ಸಿಕ್ಕಿತು. ಕಾಲೇಜಿನಲ್ಲಿ ಒಂದು ಪ್ರಯೋಗವಿತ್ತಂತೆ: ಮಾಸ್ತರರು ಒಂದು ಶಬ್ದ ಹೇಳಬೇಕು, ಕೇಳಿದವರು ಮನಸ್ಸಿಗೆ ಮೊದಲು ಬಂದ ಶಬ್ದ ಹೇಳಬೇಕು. ಅದನ್ನು ಮಾಡಿ ಬಂದ ದಿನ ಮಗಳು ಊಟ ಮಾಡಲಿಲ್ಲವಂತೆ. ಹಾಗಾದರೆ ಅವಳ ಮನಸ್ಸಿನಲ್ಲಿ ಇರುವುದು ಅವಳ ಸೋದರಮಾವನಿಗೆ ಗೊತ್ತು! ಗಡಿಂಗ್ಲಜದವರು ಮುಂದಿನ ವಾರ ಸುಪಾರಿ ಒಡೆದು ಮದುವೆ ಗಟ್ಟಿ ಮಾಡಲು ಬರುವವರಿದ್ದರು. ನಾನು ಕೊಲ್ಹಾಪುರದ ಬಸ್ಸು ಹತ್ತಿದೆ.

ಚೌಕಾಶಿಯಲ್ಲಿ ನನ್ನದೊಂದು ಪದ್ಧತಿಯಿದೆ. ಮೊದಲು ಬೇರೆ ಮಾತು ತೆಗೆಯಬೇಕು. ಅವನ ಆರೋಗ್ಯ ಕೇಳಿದೆ, ಮಳೆ ಕೇಳಿದೆ, ಶಿರೋಳದ ಕಬ್ಬು ಹೇಗಿದೆಯೆಂದು ಹೇಳಿದೆ. ಆಮೇಲೆ ಅರ್ಧ ಕೇಳಬೇಕು. "ಪೂರಾ ಹೇಳಬ್ಯಾಡೋ. ಅಕಿ ಮನಸಿನ್ಯಾಗ ಹೂಂ ಐತೋ ಇಲ್ಲೋ, ಅಷ್ಟ ಹೇಳು."

"ಪ್ರಯೋಗದಾಗ ಕೇಳಿದ್ದು ಹೊರಗ ಹೇಳಾಕ ಬರೂದಿಲ್ರಿ ದಾಜಿ."

"ನಾ ಹೊರಗಿನಾವೇನೋ? ಹಡದ ಅಪ್ಪ!"

"ಹೌದ್ರಿ. ಅದಕ್ಕ ಹೆಚ್ಚ ಜ್ವಾಕಿ ಇರಬೇಕಾಗತೈತಿ."

ಕೊನೆಯ ಅಸ್ತ್ರ: ಎದ್ದು ಹೋಗುವುದು. ಗಿರಾಕಿ ಮೆಟ್ಟಿಲು ಇಳಿದರೆ ಅಂಗಡಿಕಾರ ಕೂಗಿ ಕರೆಯಲೇಬೇಕು. ನಾನು ಸಿಟ್ಟಿನಿಂದ ಎದ್ದು ಓಣಿಯ ತಿರುವಿನವರೆಗೆ ಹೋಗಿ ನಿಂತೆ. ಕೂಗಲಿಲ್ಲ. ಇನ್ನಷ್ಟು ನಿಂತೆ. ಎಮ್ಮೆಯೊಂದು ಬಂದು ಪಕ್ಕದಲ್ಲಿ ನಿಂತಿತು. ಕಾಲಿಗೆ ಚಪ್ಪಲಿ ಹಾಕಿಕೊಂಡಿಲ್ಲವೆಂದು ಆಗ ತಿಳಿಯಿತು. ತಿರುಗಿ ಬಂದೆ. "ಚಾ ಆರತೈತ್ರಿ," ಎಂದ. ಅಷ್ಟೇ!

ಆಗ ನನಗೆ ಹೊಳೆಯಿತು ಒಂದು ಉಪಾಯ. ಸೂತಿಗೆ ಬರುವ ಮೊದಲು ನಾನು ಕುರಿಸಂತೆಯಲ್ಲಿ ಬೆಳೆದವನು. ಅಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಇಬ್ಬರ ಕೈಯ ಮೇಲೆ ಹೆಗಲ ವಲ್ಲಿ ಹೊದಿಸುತ್ತಾರೆ. ಒಳಗೊಳಗೇ ಒಬ್ಬ ಇನ್ನೊಬ್ಬನ ಬೆರಳು ಹಿಡಿದು ದರ ತಿಳಿಸುತ್ತಾನೆ. ಸುತ್ತ ನಿಂತವರಿಗೆ ಏನೂ ತಿಳಿಯದು. ನಾನು ವಲ್ಲಿಯನ್ನು ಹೆಗಲಿಂದ ತೆಗೆದೆ.

"ನೀ ಬಾಯಿ ತೆರೀಬ್ಯಾಡ. ನಿನ್ನ ಮಾತ ನಿನ್ನ ಹಂತೇಕನ ಇರಲಿ. ಹೂಂ ಇದ್ರ ಒಂದು ಬಟ್ಟ ಹಿಡಿ, ಇಲ್ಲಂದ್ರ ಎರಡು. ಹೇಳಿದ್ಹಂಗೂ ಆಗಲಿಲ್ಲ, ತಿಳಿಸಿದ್ಹಂಗೂ ಆತು!"

ಇಂಥ ಬುದ್ಧಿ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ಹೇಳಿ? ಅವನು ವಲ್ಲಿಯನ್ನೇ ನೋಡುತ್ತ ಕೂತ. ಆಮೇಲೆ, ನನಗೇ ನಂಬಿಕೆಯಾಗದ ಹಾಗೆ, ಕೈಯನ್ನು ಅದರ ಕೆಳಗೆ ತಂದ. ಗೆದ್ದೆ ಎಂದುಕೊಂಡೆ. ಆದರೆ ಅವನು ಬೆರಳು ಹಿಡಿಯಲಿಲ್ಲ. ನನ್ನ ಇಡೀ ಕೈಯನ್ನು ಹಿಡಿದುಕೊಂಡ.

"ದಾಜಿ, ನೀವು ಅಕಿನ್ನ ಕೇಳೀರೇನ್ರಿ?"

"ಕೇಳದ ಏನು? ಗಡಿಂಗ್ಲಜದವರು ಭಾಳ ಛಲೋ ಮಂದಿ, ಹೌದಲ್ಲೋ ಅಂತ ಕೇಳೀನಿ."

"ಅದು ಕೇಳೂದಲ್ರಿ. ಹೇಳೂದು."

ನಾನು ಒಂದು ಅಡಿಕೆ ಬಾಯಿಗೆ ಹಾಕಿಕೊಂಡೆ. ಅವನು ಒಳಮನೆಯ ಕಡೆ ತಿರುಗಿ ಕರೆದ: "ಅವ್ವೀ, ನಿಮ್ಮಪ್ಪ ನಿನ್ನ ಏನೋ ಕೇಳಬೇಕಂತಾರ. ಬರೂ ಮನಸಿದ್ರ ಬಾ. ಬರಲಿಲ್ಲಂದ್ರೂ ಯಾರೂ ಸಿಟ್ಟಾಗೂದಿಲ್ಲ."

ಸಿಟ್ಟಾಗುವುದಿಲ್ಲ ಎಂದು ನನ್ನ ಪರವಾಗಿ ಮಾತು ಕೊಡಲು ಇವನಾರು? ಆದರೆ ಮಗಳು ಬಂದಳು. ಬಂದು ಬಾಗಿಲಲ್ಲೇ ನಿಂತಳು. ನನ್ನ ಮುಖ ನೋಡಲಿಲ್ಲ. ನಾನು ಒಂದು ದೊಡ್ಡ ಭಾಷಣವನ್ನು ಸಿದ್ಧ ಮಾಡಿಕೊಂಡಿದ್ದೆ. ಗಡಿಂಗ್ಲಜದವರ ಅಂಗಳ, ಮನೆತನ, ಎಲ್ಲ ಅದರಲ್ಲಿತ್ತು. ಅದರಲ್ಲಿ ಕೇಳುವ ಮಾತು ಒಂದೂ ಇಲ್ಲವೆಂದು ಆಗ ಕಂಡಿತು.

ವಲ್ಲಿ ಇನ್ನೂ ನನ್ನ ಕೈಯ ಮೇಲೇ ಇತ್ತು. "ಬಾಯಿಲೆ ಹೇಳಾಕ ಆಗದಿದ್ರ ಹಿಂಗ ಹೇಳು," ಎಂದೆ. "ಒಂದು ಬಟ್ಟ ಹಿಡದ್ರ ಗಡಿಂಗ್ಲಜ. ಎರಡು ಹಿಡದ್ರ ಬ್ಯಾಡ, ಓದತೇನಿ ಅಂತ. ನಾ... ನಾ ಏನೂ ಅನ್ನೂದಿಲ್ಲ."

ಅವಳು ಬಂದು ಎದುರಿಗೆ ಕೂತಳು. ಭಾವಮೈದುನ ತನ್ನ ಚಹಾದ ಕಪ್ಪು ಎತ್ತಿಕೊಂಡು ಹಿತ್ತಲಿಗೆ ನಡೆದುಬಿಟ್ಟ. ಗೆಲ್ಲುವ ಹೊತ್ತಿಗೆ ಎದ್ದು ಹೋಗುವ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ವಲ್ಲಿಯ ಕೆಳಗೆ ಸಣ್ಣ ಕೈಯೊಂದು ತಡಕಾಡಿತು. ಎರಡು ಬೆರಳು ಹಿಡಿಯಿತು. ದರ ತಿಳಿಸಿದ ಮೇಲೆ ಕೈ ಬಿಡಬೇಕೆಂಬುದು ಸಂತೆಯ ನಿಯಮ. ಅವಳಿಗೆ ಆ ನಿಯಮ ಗೊತ್ತಿರಲಿಲ್ಲ, ಹಿಡಿದುಕೊಂಡೇ ಕೂತಳು. ಎದುರಿನವನು ದರ ಹೇಳಿದ ಕೂಡಲೇ ತಲೆಯಲ್ಲಾಡಿಸಿ ನಮ್ಮದೊಂದು ದರ ಹೇಳಬೇಕೆಂಬುದೂ ನಿಯಮವೇ. ನಾನು ಅದನ್ನು ಅಲ್ಲಿಯವರೆಗೆ ಎಂದೂ ಮುರಿದವನಲ್ಲ.

"ಆತವ್ವಾ," ಎಂದೆ.