ಮಟಮಟ ಮಧ್ಯಾಹ್ನದ ಕಾಫಿ

ನಮ್ಮ ಕಾಕಾ ದೆವ್ವಕ್ಕೆ ಹೆದರುವವರಲ್ಲ. ದೆವ್ವಗಳೇ ಅವರನ್ನು ಕಂಡರೆ ದಾರಿ ಬದಲಿಸುತ್ತವೆ ಎಂಬುದು ಸುರಪುರದ ನಮ್ಮ ಓಣಿಯವರ ಗಟ್ಟಿ ನಂಬಿಕೆ. ಅಂಥ ಮನುಷ್ಯ ಬರೀ ಒಂದು ಕಪ್ ಕಾಫಿಯನ್ನು ಕಂಡು ಬೆವರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ!

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಡೆ ಕಾಫಿ ಕುಡಿಯುವುದು ಅರ್ಧ ಹುಚ್ಚಿನ ಲಕ್ಷಣ. ನಮ್ಮದು ಚಹಾದ ಸೀಮೆ. ಲಗ್ನದ ಮಾತುಕತೆಗೆ ಚಹಾ, ಜಗಳ ಬಿಡಿಸಿದ ಮೇಲೆ ಚಹಾ, ಮಣ್ಣು ಕೊಟ್ಟು ಬಂದವರಿಗೂ ಪಕ್ಕದ ಮನೆಯಿಂದ ಚಹಾ. ಇಂಥ ಊರಿಂದ ಕಾಕಾ ಹರೆಯದಲ್ಲಿ ಯಾವುದೋ ತರಬೇತಿಗೆಂದು ಮೈಸೂರಿಗೆ ಹೋದರು. ಬೇರೆಯವರು ಅಲ್ಲಿಂದ ರೇಷ್ಮೆ ಸೀರೆ ತಂದರೆ ಇವರು ಹಿತ್ತಾಳೆಯ ಫಿಲ್ಟರ್ ತಂದರು. ಮೇಲಿನ ಡಬ್ಬಿಗೆ ಪುಡಿ, ಅದರ ಮೇಲೆ ಕುದಿಯುವ ನೀರು, ಕೆಳಗಿನ ಡಬ್ಬಿಗೆ ಹನಿಹನಿಯಾಗಿ ಇಳಿಯುವ ಡಿಕಾಕ್ಷನ್. ಅಂದಿನಿಂದ ಕಾಕಾ ಎಲ್ಲಿಗೆ ಹೋದರೂ ಫಿಲ್ಟರ್ ಅವರ ಹಿಂದೆಯೇ. ಅಲ್ಲ, ಅವರೇ ಅದರ ಹಿಂದೆ!

ಒಮ್ಮೆ ಪುಡಿ ತುಂಬಿದ ಫಿಲ್ಟರನ್ನು ಬಿಳಿ ಅರಿವೆಯಲ್ಲಿ ಬಾಯಿ ಕಟ್ಟಿ, ತೊಡೆಯ ಮೇಲೆ ಭಕ್ತಿಯಿಂದ ಹಿಡಿದುಕೊಂಡು ಕೆಂಭಾವಿ ಬಸ್ಸಿನಲ್ಲಿ ಕೂತಿದ್ದರು. ಪಕ್ಕದಲ್ಲಿದ್ದ ಮುದುಕಿ ಅಸ್ಥಿಯ ಗಡಿಗೆಯಂತಿದ್ದ ಆ ಗಂಟನ್ನು ನೋಡಿ ಕೈಮುಗಿದಳು.

"ಯಾರದ್ರಿ ಯಪ್ಪಾ ಇದು?" ಎಂದು ಮೆಲ್ಲಗೆ ಕೇಳಿದಳು.

"ಚಿಕ್ಕಮಗಳೂರಿಂದ್ರಿ ಯವ್ವಾ," ಎಂದರು ಕಾಕಾ. "ನಾನೇ ಮುಂದ ನಿಂತು ಹುರಿಸಿ ಪುಡಿ ಮಾಡ್ಸೀನಿ. ಕೆಂಭಾವಿ ಮುಟ್ಟಿದ ಕೂಡ್ಲೆ ಬಿಸಿನೀರು ಹಾಕಿ ಕುಡಿಯೂದ್ರಿ."

ಮುದುಕಿ ಚೀರಿದ ರಭಸಕ್ಕೆ ಡ್ರೈವರ್ ಬ್ರೇಕ್ ಹಾಕಿದನಂತೆ. ಉಳಿದ ದಾರಿಯುದ್ದಕ್ಕೂ ಕಾಕಾನ ಆಚೆ ಈಚೆ ಸೀಟುಗಳು ಖಾಲಿ!

ಶಹಾಪುರದ ಲಾಡ್ಜಿನಲ್ಲಿ ನಡೆದದ್ದು ಇದಕ್ಕಿಂತ ಮೇಲು. ನೆಂಟರ ಮದುವೆಗೆಂದು ಹೋಗಿದ್ದೆವು. ಸಂಜೆ ಕಾಕಾ ಖೋಲಿಯ ಬಾಗಿಲು ಹಾಕಿಕೊಂಡು ಫಿಲ್ಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಡಿಕಾಕ್ಷನ್ ಇಳಿಯುವಾಗ ಅದರ ಜೊತೆ ಮಾತಾಡುವುದು ಅವರ ಪದ್ಧತಿ. ಪಕ್ಕದ ಖೋಲಿಯಲ್ಲಿದ್ದ ಹತ್ತಿ ವ್ಯಾಪಾರಿಯ ಕಿವಿಗೆ ಗೋಡೆಯಾಚೆಯಿಂದ ಬಿದ್ದದ್ದು ಇಷ್ಟು: ಟಪ್... ಟಪ್... "ಬಾ ನನ್ನವ್ವಾ... ಗಡಿಬಿಡಿ ಮಾಡಬ್ಯಾಡ... ಒಂದೊಂದೇ ಹನಿ ಬಾ... ದಪ್ಪಗ ಬಾ..." ಟಪ್... ಟಪ್...

ವ್ಯಾಪಾರಿ ಚಪ್ಪಲಿ ಬಿಟ್ಟು ಇಳಿದು ಓಡಿದ. ಕೆಳಗೆ ಮ್ಯಾನೇಜರನ ಹತ್ತಿರ, "ಮ್ಯಾಲಿನ ಖೋಲ್ಯಾಗ ಯಾರದೋ ರಗತಾ ಇಳಸಾಕತ್ತಾರ್ರೀ!" ಎಂದು ನಡುಗುತ್ತ ನಿಂತಿದ್ದನಂತೆ. ಮ್ಯಾನೇಜರ್ ನಾಲ್ಕು ಜನರನ್ನು ಕರೆದುಕೊಂಡು ಬಂದು ಬಾಗಿಲು ಬಡಿದಾಗ ಕಾಕಾ ಕೇಳಿದ್ದೇನು ಗೊತ್ತೇ? "ಇಷ್ಟು ಮಂದಿಗೆ ಸಾಲಂಗಿಲ್ಲ. ಅರ್ಧರ್ಧ ಕಪ್ ನಡೀತದೇನ್ರಿ?"

ಇಷ್ಟೆಲ್ಲ ಹೇಳಿ ಕಾಕಿಯ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಕೆಂಭಾವಿಯ ಚಹಾದ ಮನೆಯಲ್ಲಿ ಹುಟ್ಟಿ ಬೆಳೆದವಳು. ಕಾಫಿಯನ್ನು ಜನ್ಮದಲ್ಲಿ ನಾಲಿಗೆಗೆ ಮುಟ್ಟಿಸಿದವಳಲ್ಲ, "ಸುಟ್ಟ ಕಟಗಿ ತೊಳದ ನೀರು" ಎನ್ನುತ್ತಿದ್ದಳು. ಆದರೆ ಮದುವೆಯಾದಾಗಿನಿಂದ ಆ ಫಿಲ್ಟರಿಗೆ ಪುಡಿ ತುಂಬಿದ ಕೈ ಅವಳದೇ. ಎರಡು ವರ್ಷದ ಹಿಂದೆ ಅವಳಿಗೆ ಮರೆವಿನ ರೋಗ ಹತ್ತಿತು. ಮೊದಲು ಸಾರಿಗೆ ಉಪ್ಪು ಮರೆತಳು, ಆಮೇಲೆ ನಮ್ಮ ಹೆಸರು, ಆಮೇಲೆ ಮಾತನ್ನೇ. ಕೂರಿಸಿದಲ್ಲಿ ಕೂರುವಳು, ನಿಲ್ಲಿಸಿದಲ್ಲಿ ನಿಲ್ಲುವಳು. ಕಾಕಾನೇ ಅವಳ ತಲೆ ಬಾಚಿ, ತುತ್ತು ಮಾಡಿ ಉಣಿಸಿ, ಚಹಾ ಆರಿಸಿ ಬಾಯಿಗೆ ಹಿಡಿಯುತ್ತಿದ್ದರು. ಅವರಿಗೂ ವಯಸ್ಸಾಗಿತ್ತು. ಒಮ್ಮೆ ಅವಳನ್ನು ಎಬ್ಬಿಸಲು ಹೋಗಿ ಇಬ್ಬರೂ ಬಚ್ಚಲಲ್ಲಿ ಬಿದ್ದಿದ್ದರು. ಕಲಬುರಗಿಯ ಡಾಕ್ಟರು, ಇಂಥವರನ್ನು ನೋಡಿಕೊಳ್ಳುವ ಮನೆಯೊಂದಿದೆ, ಅಲ್ಲಿ ಬಿಡಿ ಎಂದರು. ಕಾಕಾ ಕಾಕಿಯ ಕೈ ಹಿಡಿದು ಎಬ್ಬಿಸಿ ಮನೆಗೆ ಕರೆತಂದರು. ಯಾದಗಿರಿಯಲ್ಲಿರುವ ನಾನೂ ನನ್ನ ಹೆಂಡತಿಯೂ ಸೇರಿ, ನಾಲ್ಕು ದಿನ ಎಲ್ಲಾದರೂ ಕರೆದುಕೊಂಡು ಹೋಗಿ ಸಮಾಧಾನವಾಗಿ ಆ ಮಾತು ತೆಗೆಯೋಣ ಎಂದುಕೊಂಡೆವು.

ಹೀಗೆ ನಾವು ನಾರಾಯಣಪುರ ಸೇರಿದ್ದು. ಹಿನ್ನೀರಿನ ದಂಡೆಯಲ್ಲಿ, ಅಣೆಕಟ್ಟು ಕಟ್ಟುವ ಕಾಲದ ಹಳೆಯ ಕಲ್ಲುಮನೆಯೊಂದಕ್ಕೆ ಯಾರೋ ಬಣ್ಣ ಬಳಿದು, ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ಫೋಟೋದಲ್ಲಿ ಬಲು ಚೆಂದ. ಫೋಟೋದಲ್ಲಿ ಕಾಣದೇ ಇದ್ದದ್ದು ಸುತ್ತಲಿನ ಖಾಲಿ ಮನೆಗಳ ಸಾಲು. ಬಾಗಿಲಿಲ್ಲ, ಕಿಟಕಿಯಿಲ್ಲ, ಒಂದು ಅಡಿಗೆಮನೆಯ ನಡುವೆ ಬೇವಿನ ಗಿಡ ಬೆಳೆದು ಮಾಡು ಸೀಳಿತ್ತು. ಮತ್ತೊಂದರ ಗೋಡೆಯ ಮೇಲೆ ಯಾವುದೋ ಕೂಸಿನ ಎತ್ತರ ಅಳೆದ ಗೀರುಗಳು, ನನ್ನ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿದ್ದವು. ಗಾಳಿ ಬೀಸಿದರೆ ಇಡೀ ಸಾಲು ಸಣ್ಣಗೆ ಮುಲುಗುತ್ತಿತ್ತು. ನಾವು ಕಾರಿನಿಂದ ಇಳಿಯುವುದಕ್ಕೂ, ನೀರು ಬಿಡುವ ಮುನ್ನ ಕೂಗಿಸುವ ಸೈರನ್ ಅಣೆಕಟ್ಟಿನ ಕಡೆಯಿಂದ ಊಳಿಡುವುದಕ್ಕೂ ಸರಿಹೋಯಿತು. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಕಾಕಾ ಫಿಲ್ಟರ್ ಹಿಡಿದುಕೊಂಡರು.

ಒಳಗೆ ನಡುಮನೆಯ ಮೇಜಿನ ಮೇಲೆ ಅದು ಕೂತಿತ್ತು. ಕರ್ರಗೆ, ಗಿಡ್ಡಗೆ, ಹಣೆಯ ಮೇಲೆ ಕೆಂಪು ದೀಪದ ಒಂದೇ ಕಣ್ಣು. ಕಾಫಿ ಯಂತ್ರ! ಮನೆ ನೋಡಿಕೊಳ್ಳುವ ಭೀಮಣ್ಣ ಬಲು ಹೆಮ್ಮೆಯಿಂದ ಮಾಡಿ ತೋರಿಸಿದ. ಕಾಫಿಪುಡಿ, ಹಾಲಿನಪುಡಿ ಒಳಗೇ ತುಂಬಿದ ಗುಂಡಗಿನ ಸಣ್ಣ ಡಬ್ಬಿಯೊಂದನ್ನು ಅದರ ಬಾಯಿಗೆ ಹಾಕಿ, ಮುಚ್ಚಿ, ಕೆಳಗೆ ಕಪ್ ಇಟ್ಟು ಗುಂಡಿ ಒತ್ತಿದ. ಯಂತ್ರ ನಡುಗಿತು, ಗೊರಗೊರ ಎಂದಿತು, ಒಂದು ಕಪ್ ಕಾಫಿ ಕಾರಿ ಸುಮ್ಮನಾಯಿತು.

"ಇಷ್ಟೇ ನೋಡ್ರಿ ಸಾಹೇಬ್ರ. ಒಬ್ಬರಿಗೆ ಒಂದು ಡಬ್ಬಿ, ಒಂದು ಕಪ್."

"ಸಪ್ಪಳ ಕೇಳಿದ್ಯಾ ತಮ್ಮಾ?" ಎಂದರು ಕಾಕಾ ನನ್ನ ಕಡೆ ತಿರುಗಿ. "ಗಂಟಲದಾಗ ಜೀವ ಸಿಗಿಬಿದ್ದಂಗ. ಮತ್ತ ಒಬ್ಬರಿಗೆ ಒಂದು ಕಪ್ ಅಂತ! ಇದೇನು ಮನಿಯೋ ದವಾಖಾನಿಯೋ? ಕಾಫಿ ಅಂದ್ರ ಒಮ್ಮೆ ಇಳದು ಮನಿಮಂದಿಗೆಲ್ಲಾ ಆಗಬೇಕು. ಇದು ಒಂಟಿ ಪಿಶಾಚಿಗಳಿಗಂತ ಮಾಡಿದ್ದು."

ನನ್ನ ಹೆಂಡತಿ ಮಾತ್ರ ಖುಷಿಯಿಂದ ಮತ್ತೆ ಮತ್ತೆ ಗುಂಡಿ ಒತ್ತಿ ಕುಡಿದಳು. ಕಾಕಿ ಎದುರಿನ ಕುರ್ಚಿಯಲ್ಲಿ ಕೂತು ಆ ಕೆಂಪು ಕಣ್ಣನ್ನೇ ನೋಡುತ್ತಿದ್ದಳು. ಅವಳು ಹಾಗೆ ಗೋಡೆಯನ್ನೂ ನೋಡುತ್ತಾಳೆ, ಫ್ಯಾನನ್ನೂ ನೋಡುತ್ತಾಳೆ.

ಮರುದಿನ ಉಂಡು, ಒಳಗಿನಿಂದ ಚಿಲಕ ಹಾಕಿಕೊಂಡು ಎಲ್ಲರೂ ನಡುಮನೆಯಲ್ಲಿ ತಣ್ಣಗಿನ ಕಲ್ಲಿನ ನೆಲದ ಮೇಲೆ ಮಲಗಿದೆವು. ಮಟಮಟ ಮಧ್ಯಾಹ್ನ ಎಂದರೆ ನಮ್ಮ ಕಡೆ ದೆವ್ವಗಳು ತಿರುಗಾಡುವ ಹೊತ್ತು. ಹೊರಗೆ ಬಿಸಿಲು ಸುಣ್ಣದಂತೆ ಬೆಳ್ಳಗೆ ಬಿದ್ದಿತ್ತು, ಕಾಗೆಯೂ ಕೂಗುತ್ತಿರಲಿಲ್ಲ. ಕಾಕಾ ಕೂಗಿದ್ದಕ್ಕೇ ನನಗೆ ಎಚ್ಚರವಾದದ್ದು.

ಅವರ ತಲೆಯ ಹತ್ತಿರ ನೆಲದ ಮೇಲೆ ಒಂದು ಕಪ್. ಮೇಲೆ ಬಸಿ, ಅಂದರೆ ಸಾಸರು, ಮುಚ್ಚಿತ್ತು. ತೆಗೆದರೆ ತುಂಬಿದ ಕಾಫಿ, ಪೂರ್ತಿ ಆರಿ ಕೆನೆಗಟ್ಟಿತ್ತು.

"ಯವ್ವಾ, ನೀನೇನು?" ಎಂದರು ನನ್ನ ಹೆಂಡತಿಗೆ.

"ಇಲ್ರಿ ಕಾಕಾ, ನಾ ಎದ್ದೇ ಇಲ್ಲ." ನಾನೂ ಎದ್ದಿರಲಿಲ್ಲ. ಕಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಚಿಲಕ ಹಾಕಿದಂತೆಯೇ ಇತ್ತು. ಮೇಜಿನ ಮೇಲೆ ಯಂತ್ರದ ಕಣ್ಣು ಉರಿಯುತ್ತಿತ್ತು. ಮಲಗುವ ಮುಂಚೆ ಅದನ್ನು ಆರಿಸಿದ್ದು ನಾನೇ!

ಭೀಮಣ್ಣನನ್ನು ಕರೆದು ಕೇಳಿದರೆ ಅವನು ಕಪ್ ಮುಟ್ಟಲೂ ಒಪ್ಪಲಿಲ್ಲ. ಹೊಸ್ತಿಲಾಚೆ ನಿಂತು ದನಿ ತಗ್ಗಿಸಿದ. "ಹೇಳಬಾರದಂತ ಮಾಲಕರು ಅಂದಾರ್ರಿ. ಡ್ಯಾಮ್ ಕಟ್ಟೂ ಕಾಲಕ್ಕ ಈ ಮನ್ಯಾಗ ಒಬ್ಬರು ಇಂಜಿನಿಯರ್ ಸಾಹೇಬ್ರು ಇದ್ರಂತ. ಮೈಸೂರು ಕಡೆಯವರು, ಕಾಫಿ ಬಿಟ್ರ ಬ್ಯಾರೆ ಏನೂ ಮುಟ್ತಿದ್ದಿಲ್ಲ. ಒಂದಿನ ಇಂಥಾದೇ ಹೊತ್ತಿಗೆ ನೀರು ನೋಡಿ ಬರ್ತೀನಂತ ಹೋದವರು ಬರಲೇ ಇಲ್ರಿ. ಇನ್ನೂ ಡ್ಯೂಟಿ ಮ್ಯಾಲೆ ಅದಾರ ಅಂತಾರ್ರಿ."

ನಾನು ಬಾಗಿಲಿನ ಚಿಲಕವನ್ನು ಮತ್ತೊಮ್ಮೆ ನೋಡಿದೆ. ಕಾಕಾನಿಗೆ ಮಾತ್ರ ಸಿಟ್ಟು ಬಂತು.

"ಮೈಸೂರು ಕಡೆಯಂವಾ ದೆವ್ವ ಆದ್ರೂ ಇಂಥಾ ಮಿಷಿನ್ ಕಾಫಿ ಕುಡೀತಾನೇನು? ನನಗ ಖರೇ ಅನಸಂಗಿಲ್ಲ. ಬರೋಬ್ಬರಿ ಫಿಲ್ಟರ್ ಇಟ್ಟು ನೋಡೋಣಂತ!"

ಇಟ್ಟೇ ಬಿಟ್ಟರು! ಮಾರನೆಯ ಮಧ್ಯಾಹ್ನ ಯಂತ್ರದ ಪಕ್ಕದಲ್ಲಿ ಫಿಲ್ಟರ್, ಪುಡಿಯ ಡಬ್ಬಿ, ಚಮಚ, ಫ್ಲಾಸ್ಕಿನಲ್ಲಿ ಬಿಸಿನೀರು. "ಕೈಯಿಂದ ಮಾಡಿಕೊಂಡು ಕುಡೀರಿ ಸಾಹೇಬ್ರ, ಪುಣ್ಯಾ ಬರ್ತದ," ಎಂದು ಖಾಲಿ ಕುರ್ಚಿಗೆ ಹೇಳಿ ಮಲಗಿದರು. ದೆವ್ವಕ್ಕೆ ಪಾಠ ಹೇಳಿದ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ?

ಎದ್ದು ನೋಡಿದಾಗ ಮಾತ್ರ ಯಾರಿಗೂ ನಗು ಬರಲಿಲ್ಲ. ಫಿಲ್ಟರಿನ ಎರಡು ಡಬ್ಬಿಗಳು ಬೇರೆಬೇರೆಯಾಗಿ ಬಿದ್ದಿದ್ದವು. ಪುಡಿ ಮೇಜಿನ ತುಂಬ ಚೆಲ್ಲಿತ್ತು. ಮೇಲಿನ ಡಬ್ಬಿಯನ್ನು ಯಾರೋ ತಲೆಕೆಳಗಾಗಿ ಕೂರಿಸಲು ನೋಡಿ, ತೆಗೆದು, ಮತ್ತೆ ಕೂರಿಸಲು ನೋಡಿದ ಗುರುತುಗಳು ಚೆಲ್ಲಿದ ಪುಡಿಯಲ್ಲಿ ಬಳೆಬಳೆಯಾಗಿ ಮೂಡಿದ್ದವು. ಕಾಕಾನ ತಲೆಯ ಹತ್ತಿರ ಮತ್ತದೇ ಕಪ್, ಮೇಲೆ ಬಸಿ, ಒಳಗೆ ಯಂತ್ರದ ಕಾಫಿ.

ಕಾಕಾ ಆ ಪುಡಿಯ ಗುರುತುಗಳನ್ನು ಬಹಳ ಹೊತ್ತು ನೋಡಿದರು. ಹಣೆಯ ಮೇಲೆ ಬೆವರು ಮೂಡಿತು. "ಇದಕ್ಕ ಫಿಲ್ಟರ್ ಗೊತ್ತದ," ಎಂದರು ಪಿಸುದನಿಯಲ್ಲಿ. "ಗೊತ್ತಿದ್ದು ಮರ್ತದ."

ನನ್ನ ಹೆಂಡತಿ ಆಗಲೇ ಬಟ್ಟೆ ಚೀಲಕ್ಕೆ ತುರುಕುತ್ತಿದ್ದಳು. ಕಾಕಾ ಬಿಡಲಿಲ್ಲ. "ಇನ್ನೊಂದು ದಿನ ಇರ್ರಿ. ಇದು ಬರೂದು ನನ್ನ ಕಡಿಗೆ. ನಾ ನೋಡಬೇಕು."

ಮೂರನೆಯ ಮಧ್ಯಾಹ್ನ ನಾವು ಯಾರೂ ನಿದ್ದೆ ಮಾಡಲಿಲ್ಲ, ಕಣ್ಣು ಮುಚ್ಚಿದಂತೆ ಮಾಡಿ ಬಿದ್ದುಕೊಂಡೆವು. ಕಾಕಾ ಗೊರಕೆಯನ್ನೂ ಹೊಡೆದರು, ಸ್ವಲ್ಪ ಅತಿಯಾಗಿಯೇ! ದೂರದಲ್ಲಿ ಸೈರನ್ ಕೂಗಿ ನಿಂತಿತು. ಆಮೇಲೆ ಉಳಿದದ್ದು ಖಾಲಿ ಮನೆಗಳ ಮುಲುಗು ಮಾತ್ರ. ಕಲ್ಲಿನ ನೆಲದ ಮೇಲೆ ಬರಿಗಾಲು ಸವರುವ ಸಪ್ಪಳ ಕೇಳಿತು. ಹೆಂಡತಿಯ ಉಗುರು ನನ್ನ ಅಂಗೈಗೆ ನೆಟ್ಟಿತ್ತು. ಗುಂಡಿ ಒತ್ತಿದ ಸದ್ದು. ಗೊರಗೊರ. ರೆಪ್ಪೆ ಸಂದಿನಿಂದ ನೋಡಿದೆ. ಕಿಟಕಿಯ ಬೆಳ್ಳನೆಯ ಬೆಳಕಿಗೆ ಬೆನ್ನು ಮಾಡಿ ಯಂತ್ರದ ಮುಂದೆ ಒಂದು ಆಕೃತಿ ನಿಂತಿತ್ತು. ಬೆಳಕಿನಲ್ಲಿ ಮುಖವೇ ಇರಲಿಲ್ಲ.

ಅದು ಕಪ್ ಎತ್ತಿಕೊಂಡಿತು. ಬಸಿ ಹುಡುಕಿ ಮುಚ್ಚಿತು. ಚೆಲ್ಲದ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತ ಕಾಕಾನ ಕಡೆ ಬಂತು. ನೆರಳಿಗೆ ಬಂದಾಗ ನೋಡುತ್ತೇನೆ, ಕಾಕಿ!

ಹೊಸ್ತಿಲು ದಾಟಲು ಕೈ ಹಿಡಿಸಿಕೊಳ್ಳುತ್ತಿದ್ದ ಕಾಕಿ! ನೀರಿನ ತಂಬಿಗೆ ಎತ್ತುವುದನ್ನೂ ಮರೆತವಳು, ಎದುರಿಗೆ ಕೂತು ಭೀಮಣ್ಣನನ್ನೂ ನನ್ನ ಹೆಂಡತಿಯನ್ನೂ ನೋಡಿ ನೋಡಿ ಕಲಿತಿದ್ದಳು. ಫಿಲ್ಟರಿನ ನಾಲ್ಕಾರು ಕೆಲಸ ಅವಳ ತಲೆಯಿಂದ ಜಾರಿಹೋಗಿದ್ದವು. ಒಂದು ಡಬ್ಬಿ, ಒಂದು ಗುಂಡಿ ಅವಳ ಕೈಗೆ ಎಟುಕಿತ್ತು. ಮಧ್ಯಾಹ್ನ ಮಲಗಿ ಏಳುವ ಗಂಡನಿಗೆ ಕಾಫಿ ಬೇಕು ಎಂಬುದು ಮಾತ್ರ, ನಮ್ಮ ಹೆಸರುಗಳೆಲ್ಲ ಹೋದ ಮೇಲೂ, ಒಳಗೆಲ್ಲೋ ಉಳಿದುಕೊಂಡಿತ್ತು.

ಕಾಕಾನ ಗೊರಕೆ ಯಾವಾಗಲೋ ನಿಂತಿತ್ತು. ಅವರು ಎದ್ದು ಕೂತರು. ಕಾಕಿ ಕಪ್ ಚಾಚಿದಳು. ಅವರು ಎರಡೂ ಕೈಯಲ್ಲಿ ಇಸಿದುಕೊಂಡರು. ಕಲಬುರಗಿಯ ಡಾಕ್ಟರು ಹೇಳಿದ ಮಾತು ತೆಗೆಯಲೆಂದು ಬಂದಿದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಆ ಮಾತು ಆಮೇಲೆ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಎಷ್ಟೋ ತಿಂಗಳಿಂದ ಮಾತಿಲ್ಲದ ಕಾಕಿ ತುಟಿ ಅಲುಗಾಡಿಸಿದಳು.

"ಸುಡ್ತದ," ಎಂದಳು. "ಊದಿ ಕುಡೀರಿ."

ಕಾಕಾ ಊದಿದರು. ಅವರ ಉಸಿರು ಅಡ್ಡಾದಿಡ್ಡಿಯಾಗಿ ಬರುತ್ತಿತ್ತು. ಆಮೇಲೆ ಒಂಟಿ ಪಿಶಾಚಿಗಳದೆಂದು ಬೈದಿದ್ದ ಆ ಕಾಫಿಯನ್ನು ಗುಟುಕು ಗುಟುಕಾಗಿ, ತಳದ ಹನಿಯವರೆಗೂ ಕುಡಿದರು.

"ಭಾಳ ಛಲೋ ಆಗ್ಯದ," ಎಂದು ಖಾಲಿ ಕಪ್ ಅವಳ ಕೈಗೆ ಕೊಟ್ಟರು. "ಇನ್ನೊಂದು ಕೊಡ್ತಿಯೇನು?"

ಕಾಕಿ ಕಪ್ ತೆಗೆದುಕೊಂಡು ಯಂತ್ರದ ಕಡೆ ನಡೆದಳು.