ಪಂಚಲೋಹದ ದಂಟು ಸೊಪ್ಪಿಗೆ ಒಂದು ಅರಿಕೆ

ನಮ್ಮ ತೋಟದ ಮಡಿಯಲ್ಲಿ ಸುಖವಾಗಿ ಬೇರೂರಿರುವ ಮಾನ್ಯ ದಂಟು ಸೊಪ್ಪಿನವರೇ,

ವರ್ತೂರು ಕಡೆಯ ಅಂಜನಮ್ಮ ಮಾಡುವ ಶರಣುಗಳು. ದೇವಿಯ ದಯೆಯಿಂದ ನಾವು ಕ್ಷೇಮ. ತಾವು ನಮಗಿಂತ ಕ್ಷೇಮ ಎಂಬುದು ತಮ್ಮ ಎಲೆಯ ಅಗಲ ನೋಡಿದರೇ ಗೊತ್ತಾಗುತ್ತದೆ.

ಮಣ್ಣು, ಸೊಪ್ಪು ಎರಡನ್ನೂ ಪರೀಕ್ಷೆಗೆ ಒಯ್ದಿದ್ದ ಭಾನುಪ್ರಕಾಶ್ ಸಾರ್ ಮೊನ್ನೆ ಬಂದು, "ಅಮ್ಮಾ, ನಿಮ್ಮ ಸೊಪ್ಪಲ್ಲಿ ಲೋಹ ಸೇರ್ಕೊಂಡಿದೆ" ಎಂದಾಗ, ನಮ್ಮ ದೇವಿಯ ಉತ್ಸವಮೂರ್ತಿ ಪಂಚಲೋಹದ್ದಾದ್ದರಿಂದ, ಅವಳೇ ಬಂದು ಸೇರಿದಳೇನೋ ಅಂತ ತಮಗೆ ಕೈಮುಗಿದುಬಿಟ್ಟೆ. "ಅಯ್ಯೋ, ಆ ಲೋಹ ಅಲ್ಲಮ್ಮಾ! ಇದು ಸೀಸ, ಕ್ಯಾಡ್ಮಿಯಂ; ಕಿಡ್ನಿ ತಿನ್ನೋವು" ಎಂದು ಅವರು ತಲೆ ಚಚ್ಚಿಕೊಂಡರು. ಮುಗಿದ ಕೈ ಇಳಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಆದರೂ ತಮ್ಮ ಔದಾರ್ಯವನ್ನು ಹೊಗಳದೆ ಇರಲಾರೆ. ಲೋಹಕ್ಕೆ ಮೆರುಗು ಹಾಕುವ ಕಾರ್ಖಾನೆಯವರು ರಾಜಕಾಲುವೆಗೆ ಬಿಟ್ಟ ಕೊಳೆನೀರನ್ನು ನಮ್ಮದಲ್ಲ ಎಂದರು, ಕೆರೆ ಅದನ್ನು ಇಟ್ಟುಕೊಳ್ಳದೆ ನಮ್ಮ ಕಾಲುವೆಗೆ ದಾಟಿಸಿತು, ಮಾಲಿನ್ಯ ಮಂಡಳಿಯ ಕಚೇರಿಯವರು ನನ್ನ ಅರ್ಜಿಯನ್ನೇ ಒಳಕ್ಕೆ ತೆಗೆದುಕೊಳ್ಳಲಿಲ್ಲ. ಇಷ್ಟು ದೊಡ್ಡ ಊರಲ್ಲಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದವರು ತಾವೊಬ್ಬರೇ. ಕ್ಯಾಡ್ಮಿಯಂ ಎಂಬಾತ ಗಿಡಕ್ಕೆ ಬೇಕಾದ ಸತುವಿನ ವೇಷದಲ್ಲಿ ಬಂದರೆ, ತಮ್ಮ ಬೇರು ನೆಂಟನೆಂದೇ ತಿಳಿದು ಎಲೆಯವರೆಗೂ ಕರೆದೊಯ್ದು ಕೂರಿಸುತ್ತದಂತೆ. ಅರಿಶಿನದ ನೀರಲ್ಲಿ ಎಷ್ಟು ತೊಳೆದರೂ ಒಳಗೆ ಕೂತ ನೆಂಟ ಏಳುವುದಿಲ್ಲವಂತೆ.

ಬನದ ಹುಣ್ಣಿಮೆಗೆ ನಮ್ಮ ದೇವಿಗೆ ತರಕಾರಿಯ ಅಲಂಕಾರ. ಅವಳ ಸೀರೆಯ ನೆರಿಗೆಗೆ ನಮ್ಮ ಅತ್ತೆಯವರ ಕಾಲದಿಂದಲೂ ನಮ್ಮನೆ ದಂಟೇ. ಅಲಂಕಾರ ಬಿಚ್ಚಿದ ಮೇಲೆ ಆ ಸೊಪ್ಪೇ ಪ್ರಸಾದ, ಬಸುರಿಯರಿಗೆ ಮೊದಲು. ಈ ಸಲ ಆ ಸಾಲಿನಲ್ಲಿ ನನ್ನ ಮಗಳು ಮೇಘಾ ಇರುತ್ತಾಳೆ. ಸೊಪ್ಪು ಕಳಿಸಲ್ಲ ಅಂದದ್ದಕ್ಕೆ, "ತಾಯಿಗೇನಾಗುತ್ತೆ, ಕಳಿಸಮ್ಮ" ಅಂದರು ದೇವಿಯ ಅರ್ಚಕರು. "ತಾಯಿಗೇನೂ ಆಗಲ್ಲ ಸ್ವಾಮಿ. ಅವಳು ಉಡ್ತಾಳೆ, ತಿನ್ನೋರು ನಾವು" ಅಂದೆ.

ಆದ್ದರಿಂದ ಹುಣ್ಣಿಮೆಯೊಳಗೆ ತಾವು ಬೇರಿನ ಬಾಯಲ್ಲಿ ಒಬ್ಬ ಕಾವಲುಗಾರನನ್ನು ಇಟ್ಟು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೊಪ್ಪು ಮಾರಲು ಹೋದ ನಮ್ಮನ್ನು ಕೇಳುವ ಹಾಗೆ, ಯಾರು, ಎಲ್ಲಿಂದ, ಯಾರ ಮನೆಗೆ ಎಂದು ವಿಚಾರಿಸಿಯೇ ಒಳಗೆ ಬಿಡಬೇಕು. ಆಗದಿದ್ದರೆ, ಕುಡಿದದ್ದನ್ನು ಬಂದ ದಾರಿಯಲ್ಲೇ ಕಾಲುವೆ, ಕೆರೆ ಹತ್ತಿಸಿ ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸಬೇಕು. ಎರಡೂ ಆಗದೆಂದರೆ, ನನ್ನ ಕೈಯಾರೆ ಬಿತ್ತಿದ ತಮ್ಮನ್ನು ಬುಡಸಮೇತ ಕಿತ್ತು ಚೆಂಡುಹೂವು ಹಾಕುತ್ತೇನೆ; ಅದನ್ನು ಯಾರೂ ಸಾರು ಮಾಡುವುದಿಲ್ಲ. ಈ ಹುಣ್ಣಿಮೆಗೆ ದೇವಿಯ ನೆರಿಗೆ ಬರಿದಾಗಿಯೇ ಇರಲಿ. ನೋಡಿದವರು ಯಾಕೆಂದು ಕೇಳಲಿ.

ತಮ್ಮನ್ನು ತಿಂದೂ ಮಾರಿಯೂ ಬದುಕಿದ,
ತಮ್ಮ ವಿಶ್ವಾಸಿ,
ಅಂಜನಮ್ಮ

ಮರೆತ ಮಾತು: ಕಾರ್ಖಾನೆಯ ಯಜಮಾನರ ಮನೆಯಿಂದ ಫೋನು ಬಂದಿತ್ತು. ಅಮ್ಮಾವರಿಗೆ ರಕ್ತ ಕಡಿಮೆಯಂತೆ, ಕಬ್ಬಿಣದ ಅಂಶವಿರುವ ದಂಟು ಬೇಕಂತೆ. ಕಬ್ಬಿಣ ಒಂದೇ ಸಾಕೋ, ಯಜಮಾನರು ಕಳಿಸಿದ ಮಿಕ್ಕವೂ ಬೇಕೋ ಎಂದು ಕೇಳಿದ್ದೇನೆ.