ಸೂಜಿಯ ಮಡಿ

ನಮ್ಮ ಮನೆಯ ದೇವರ ಕೋಣೆಗೆ ಬೀಗವಿಲ್ಲ. ತಿಜೋರಿ ಎಂಬುದು ಇಲ್ಲವೇ ಇಲ್ಲ, ಹಾಗಾಗಿ ಅದರ ಬೀಗದ ಮಾತೂ ಇಲ್ಲ. ಬೀಗ ಇರುವುದು ಒಂದೇ ಒಂದಕ್ಕೆ: ನಡುಮನೆಯ ಕಪಾಟಿನ ಮೇಲಿನ ಅರೆಯಲ್ಲಿ ಗಂಭೀರವಾಗಿ ಕೂತಿರುವ ಸ್ಟೀಲ್ ಡಬ್ಬಿಗೆ. ಹಿಂದೆ ಅದರಲ್ಲಿ ಚಕ್ಕುಲಿ ಇರುತ್ತಿತ್ತು, ಈಗ ಇಂಜೆಕ್ಷನ್ ಸೂಜಿಗಳಿವೆ. ಬೀಗದ ಕೈ ನನ್ನ ಸೋದರತ್ತೆಯ ಸೊಂಟದಲ್ಲಿದೆ. ಚುಚ್ಚಿಕೊಳ್ಳಬೇಕಾದವನು ನಾನು, ಬೀಗದ ಕೈ ಅವರದು! ಇಂಥ ಏರ್ಪಾಡು ಬೇರೆ ಯಾರ ಮನೆಯಲ್ಲಾದರೂ ಉಂಟೆ?

ಅತ್ತೆ ಅರ್ಧ ಸರ್ವೀಸನ್ನು ಹೊಸನಗರದ ಹಳ್ಳಿಗಳಲ್ಲೂ ಉಳಿದರ್ಧವನ್ನು ತೀರ್ಥಹಳ್ಳಿ ಕಡೆಯೂ ನರ್ಸ್ ಆಗಿ ಕಳೆದು, ನಿವೃತ್ತರಾದ ಮೇಲೆ ಸಾಗರದ ನಮ್ಮ ಮನೆಗೆ ಬಂದವರು. ನಮ್ಮ ಬೀದಿಗೆಲ್ಲ ಅವರು ‘ಸಿಸ್ಟರ್’. ಮದುವೆಯಾಗಲಿಲ್ಲ. ಯಾಕೆ ಅತ್ತೆ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. “ನೋಡೋಕೆ ಬಂದ ಗಂಡುಗಳೆಲ್ಲ ಕೈ ತೊಳೀದೇ ಉಪ್ಪಿಟ್ಟು ತಿಂದ್ರು ಮಾರಾಯ” ಎಂದರು. ತಮಾಷೆಗೆ ಹೇಳಿದರೋ ನಿಜವೋ ಇವತ್ತಿಗೂ ಗೊತ್ತಾಗಿಲ್ಲ. ಅತ್ತೆ ನಗುವುದು ಅಪರೂಪ.

ನನಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ, ಡಾಕ್ಟರು ದಿನಾ ಬೆಳಿಗ್ಗೆ ಇನ್ಸುಲಿನ್ ತಗೊಳ್ಳಲೇಬೇಕು ಎಂದ ದಿನ ಮನೆಯವರೆಲ್ಲ ಸಪ್ಪಗಾದರು. ಅತ್ತೆಯ ಮುಖಕ್ಕೆ ಮಾತ್ರ ನಿವೃತ್ತಿಯ ನಂತರ ಮೊದಲ ಸಲ ಕಳೆ ಬಂತು! ಮರುದಿನ ಬೆಳಿಗ್ಗೆಯೇ ಚಕ್ಕುಲಿಯನ್ನು ಪ್ಲಾಸ್ಟಿಕ್ ಕವರಿಗೆ ವರ್ಗ ಮಾಡಿ, ಡಬ್ಬಿಯನ್ನು ತೊಳೆದು, ಬಿಸಿಲಿಗಿಟ್ಟು, ಒರೆಸಿ, ಮತ್ತೆ ಬಿಸಿಲಿಗಿಟ್ಟರು.

ನನ್ನ ಹೆಂಡತಿ ಪಾಪ, ಮೊದಲ ವಾರವೇ ಸಿಕ್ಕಿಬಿದ್ದಳು. ಔಷಧಿಯ ಜೊತೆ ಸೂಜಿಯ ಪೊಟ್ಟಣವನ್ನೂ ಫ್ರಿಜ್ಜಿನಲ್ಲಿಟ್ಟಿದ್ದಳು.

“ತಂಪಾಗಿ ಇಡ್ಬೇಕು ಅಂತ ಡಾಕ್ಟ್ರು ಹೇಳಿದ್ರಲ್ಲ ಅತ್ತೆ?”

“ಅದು ಔಷಧಿಗೆ ಕಣೆ. ಸೂಜಿಗೆ ಬೇಕಾಗಿದ್ದು ಒಣ ಜಾಗ. ಹಿಂದಿನ ಕಾಗದ ನೋಡು, ಹೆಂಗೆ ಬೆವತದೆ! ಕಾಗದ ನೆಂದ್ರೆ ಮಡಿ ಹೋಯ್ತು.”

ಮಡಿ! ಸೂಜಿಗೆ ಮಡಿ! ನಮ್ಮದು ಜೈನರ ಮನೆ, ಪೂಜೆಯ ಮಡಿ ನಮಗೆ ಹೊಸತಲ್ಲ. ಆದರೆ ಅತ್ತೆಯ ಮಡಿಯ ಶಾಸ್ತ್ರವೇ ಬೇರೆ. ಒಂದೊಂದು ಸೂಜಿಯೂ ಪುಟ್ಟ ಪ್ಲಾಸ್ಟಿಕ್ ಗೂಡಿನಲ್ಲಿರುತ್ತದೆ, ಹಿಂಬದಿಗೆ ಅಂಟಿಸಿದ ಕಾಗದ ಹರಿಯುವ ತನಕ ಒಳಗಿನದು ಮಡಿಯಲ್ಲಿದೆ. ಬೆರಳು ಸೋಕಿದರೆ, ತೇವ ತಾಗಿದರೆ, ಕಾಗದ ಕೂದಲೆಳೆಯಷ್ಟು ಬಿರಿದರೂ ಮೈಲಿಗೆ. ಈ ಮೈಲಿಗೆಗೆ ಸ್ನಾನವಿಲ್ಲ, ಪ್ರಾಯಶ್ಚಿತ್ತವೂ ಇಲ್ಲ, ಸೀದಾ ಎಸೆಯುವುದೇ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ನಾನು ಗಣಿತ ಪಾಠ ಮಾಡುವ ಹೈಸ್ಕೂಲಿನ ಹಾಜರಿ ಪುಸ್ತಕಕ್ಕೂ ಬೂಷ್ಟು. ಅತ್ತೆಯ ಡಬ್ಬಿಯ ಹತ್ತಿರ ಸುಳಿಯಲು ಮಾತ್ರ ಅದಕ್ಕೂ ಧೈರ್ಯ ಸಾಲದು.

ಮೆಡಿಕಲ್ ಶಾಪಿಗೆ ಅವರ ಜೊತೆ ಹೋಗುವುದೆಂದರೆ ಅರ್ಧ ದಿನದ ಕೆಲಸ. ಒಂದೊಂದೇ ಸೂಜಿಯನ್ನು ಬೆಳಕಿಗೆ ಹಿಡಿಯುತ್ತಾರೆ, ಕಾಗದದ ಅಂಚನ್ನು ಉಗುರಿನಿಂದ ಸವರುತ್ತಾರೆ, ತಾರೀಖು ಓದುತ್ತಾರೆ, ಕನ್ನಡಕ ಒರೆಸಿ ಮತ್ತೆ ಓದುತ್ತಾರೆ. ಹಿಂದೆ ಸಾಲು ಬೆಳೆಯುತ್ತದೆ. ಒಮ್ಮೆ “ಇದನ್ನ ಎಲ್ಲಿ ಇಟ್ಟಿದ್ರಿ ತೋರ್ಸಿ” ಎಂದು ಕೌಂಟರಿನ ಬಾಗಿಲು ಎತ್ತಿ ಒಳಗೇ ನುಗ್ಗಿಬಿಟ್ಟರು. ಸೂಜಿಯ ಪೆಟ್ಟಿಗೆ ನೆಲದ ಮೇಲಿತ್ತು, ಪಕ್ಕದ ಗೋಡೆ ಒಸರುತ್ತಿತ್ತು. ಅತ್ತೆ ಬಯ್ಯಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತರು. ಹಲಗೆ ಬಂದು, ಪೆಟ್ಟಿಗೆ ಅದರ ಮೇಲೇರಿ, ಗೋಡೆಯಿಂದ ಒಂದು ಮೊಳ ದೂರ ಸರಿಯುವ ತನಕ ಏಳಲಿಲ್ಲ. ಈಗ ಅವರು ರಸ್ತೆಯ ಆಚೆ ಬದಿಯಲ್ಲಿ ಕಂಡರೂ ಸಾಕು, ಅಂಗಡಿಯವನು ಎದ್ದು ನಿಂತು ಮೊದಲು ಹಲಗೆಯನ್ನು ನೋಡಿಕೊಳ್ಳುತ್ತಾನೆ.

ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಬರುವ ಬಸ್ಸಿನಲ್ಲೂ ಒಂದು ಪ್ರಸಂಗ ನಡೆಯಿತು. ಅಂದು ಡಬ್ಬಿ ನಮ್ಮ ಜೊತೆಯಲ್ಲಿತ್ತು. ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರ್ ಕೇಳಿದ: “ಅಮ್ಮಾ, ಡಬ್ಬಿ ಮೇಲಿಡಿ, ಕೂರೋಕೆ ಜಾಗ ಆಗ್ತದೆ. ಎಂತ, ಚಿನ್ನನಾ ಅದ್ರಲ್ಲಿ?”

“ಚಿನ್ನ ಕೆಳಗೆ ಬಿದ್ರೆ ತೊಳ್ದು ಹಾಕ್ಕೋಬಹುದು. ಇದು ಬಿದ್ರೆ ಆಗಲ್ಲ” ಎಂದರು ಅತ್ತೆ. ಕಂಡಕ್ಟರ್ ಡಬ್ಬಿಯನ್ನೂ ಅತ್ತೆಯನ್ನೂ ನೋಡಿ, ಮುಂದಿನ ಸೀಟಿಗೆ ಸರಿದುಹೋದ. ಸಾಗರ ಬರುವವರೆಗೆ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ!

ಅವರು ಕೆಲಸಕ್ಕೆ ಸೇರಿದಾಗ ಗಾಜಿನ ಸಿರಿಂಜು, ಸ್ಟೀಲಿನ ಸೂಜಿ. ಒಬ್ಬರಿಗೆ ಚುಚ್ಚಿದ್ದನ್ನು ಕುದಿಸಿ ಇನ್ನೊಬ್ಬರಿಗೆ ಚುಚ್ಚುವ ಕಾಲ. ಅತ್ತೆ ಕೈಗಡಿಯಾರ ಬಿಚ್ಚಿ ಸ್ಟವ್ ಪಕ್ಕ ಇಟ್ಟುಕೊಂಡು ಕುದಿಸುತ್ತಿದ್ದರಂತೆ. ನೀರು ಕೊತಕೊತ ಎಂದ ಮೇಲೆ ಇಪ್ಪತ್ತು ನಿಮಿಷ. ಹತ್ತೊಂಬತ್ತಕ್ಕೆ ಸಾಕ್ಷಾತ್ ಜಿಲ್ಲಾಧಿಕಾರಿ ಬಂದು ಕೈ ಚಾಚಿದರೂ ಚಿಮುಟ ಮುಟ್ಟುತ್ತಿರಲಿಲ್ಲ. ಜ್ವರದಲ್ಲಿ ನಡುಗುತ್ತ ಕಾದಿದ್ದ ಹಳ್ಳಿಯ ಹಿರಿಯರೊಬ್ಬರು ತಾಳ್ಮೆಗೆಟ್ಟು, “ಸಿಸ್ಟರೇ, ಅಕ್ಕಿ ಹಾಕಿದ್ರೆ ಇಷ್ಟೊತ್ತಿಗೆ ಅನ್ನ ಆಗಿ, ಗಂಜೀನೂ ಆಗ್ತಿತ್ತು” ಎಂದರಂತೆ. “ಅನ್ನ ಅರೆಬೆಂದ್ರೆ ನಿಮ್ಮ ಹೊಟ್ಟೆ ಒಂದೇ ನೋಯ್ತದೆ ಗೌಡ್ರೆ. ಸೂಜಿ ಅರೆಬೆಂದ್ರೆ ನಿಮ್ಮ ಹಿಂದೆ ನಿಂತೋರೂ ಹೋಗ್ತಾರೆ” ಎಂದು ಉತ್ತರ ಬಂತಂತೆ. ಹಿಂದೆ ನಿಂತವರು ಅಂದಿನಿಂದ ಗಡಿಯಾರವನ್ನು ತಾವೇ ನೋಡತೊಡಗಿದರು.

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸದೆ ಅತ್ತೆ ಒಂದು ತೊಟ್ಟೂ ಬಾಯಿಗೆ ಹಾಕುವವರಲ್ಲ. ಕಣ್ಣಿಗೆ ಕಾಣದ ಜೀವಿಗೂ ಹಿಂಸೆಯಾಗಬಾರದು. ನಾನು ಒಮ್ಮೆ ಕೆಣಕಿದೆ: “ನೀರಲ್ಲಿರೋ ಜೀವ ಉಳಿಸ್ತೀರಿ. ಮೂವತ್ತು ವರ್ಷ ಸೂಜಿ ಮೇಲಿನ ಜೀವಾನ ಕುದಿಸಿ ಕೊಂದ್ರಲ್ಲ ಅತ್ತೆ, ಅದರ ಲೆಕ್ಕ?”

ಅತ್ತೆ ಸೋಸುವ ಬಟ್ಟೆಯನ್ನು ಬಿಂದಿಗೆಯ ಬಾಯಿಗೆ ಬಿಗಿದರು. “ಆ ಪಾಪ ನಂಗಿರ್ಲಿ” ಎಂದರು. 

ಬಳಸುವ ಮುಂಚಿನ ಮಡಿ ಹೀಗಾದರೆ, ಬಳಸಿದ ಮೇಲಿನದು ಇನ್ನೂ ಕಠಿಣ. ಚುಚ್ಚಿದ ಸೂಜಿಗಾಗಿ ದಪ್ಪ ಪ್ಲಾಸ್ಟಿಕ್ಕಿನ ಅಗಲ ಬಾಯಿಯ ಬೇರೊಂದು ಡಬ್ಬ. ಮುಕ್ಕಾಲು ತುಂಬಿದೊಡನೆ ಮುಚ್ಚಳ ಬಿಗಿದು, ಸುತ್ತ ಟೇಪು ಅಂಟಿಸಿ, ಅತ್ತೆ ಸ್ವತಃ ಆಸ್ಪತ್ರೆಗೆ ಒಯ್ದು ಕೊಟ್ಟು ಬರುತ್ತಾರೆ. ಬೀದಿಯ ಇನ್ನಿಬ್ಬರು ಸಕ್ಕರೆ ಕಾಯಿಲೆಯವರ ಡಬ್ಬಗಳನ್ನೂ ಕೇಳಿ ಪಡೆದು ಒಯ್ಯುತ್ತಾರೆ. ಕಸಕ್ಕೆ ಮಾತ್ರ ಒಂದೂ ಬೀಳಕೂಡದು.

ಕಳೆದ ವರ್ಷ ಅತ್ತೆ ಹತ್ತು ದಿನ ತೀರ್ಥಹಳ್ಳಿಯ ನೆಂಟರ ಮನೆಗೆ ಹೊರಟರು. ಬೀಗದ ಕೈಯನ್ನು ನನ್ನ ಕೈಗಿಡುವಾಗ ಅವರ ಮುಖ ನೋಡಬೇಕಿತ್ತು, ಮಗಳನ್ನು ಧಾರೆ ಎರೆದು ಕೊಡುವ ತಂದೆಯ ಮುಖ! “ಡಬ್ಬ ತುಂಬ್ತಾ ಬಂದದೆ. ತುಂಬಿದ್ರೆ ಇನ್ನೊಂದು ತಗೋ, ತುರುಕಬೇಡ” ಎಂದು ಬಾಗಿಲಲ್ಲಿ ಮೂರು ಸಲ ಹೇಳಿದರು.

ನಾಲ್ಕನೇ ದಿನಕ್ಕೆ ಡಬ್ಬ ತುಂಬಿತು. ಇನ್ನೊಂದು ಹುಡುಕಬೇಕಿತ್ತು. ನನಗೆ ಸ್ಕೂಲಿಗೆ ಹೊತ್ತಾಗಿತ್ತು. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅಂದಿನ ಸೂಜಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಒಣ ಕಸದ ಚೀಲಕ್ಕೆ ಹಾಕಿದೆ. ಒಂದೇ ಒಂದು ಸೂಜಿ, ಇಷ್ಟು ಚಿಕ್ಕದು, ಏನಾಗುತ್ತದೆ ಎಂದುಕೊಂಡೆ.

ಮರುದಿನ ಭಾನುವಾರ. ಬೆಳಿಗ್ಗೆ ಕಸದ ಗಾಡಿ ಬಂದು ಚೀಲ ಒಯ್ದು ಅರ್ಧ ಗಂಟೆಯಾಗಿರಬಹುದು, ಗಾಡಿಯ ಮಂಜಮ್ಮ ಗೇಟಿನ ಬಳಿ ಬಂದು ನಿಂತಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಸಿಸ್ಟರಮ್ಮ ಇದಾರಾ?”

“ಊರಿಗೆ ಹೋಗಿದಾರೆ. ಎಂತಾಯ್ತು?”

“ಕಸ ಬ್ಯಾರೆ ಮಾಡೋವಾಗ ಸೂಜಿ ಚುಚ್ತು. ಯಾರ ಮನೇದೋ ಏನೋ. ಯಾವ ಕಾಯ್ಲೆಯೋರದ್ದೋ. ಸಿಸ್ಟರಮ್ಮನ್ನ ಕೇಳಣ ಅಂತ ಬಂದೆ.” ಸೆರಗನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು. “ಮನೇಲಿ ಮೊಮ್ಮಗು ಐತೆ ಸಾರ್. ಎತ್ಕಳಾಕೂ ಹೆದ್ರಿಕೆ ಆಗ್ತೈತೆ.”

ನನ್ನದು ಎನ್ನಬೇಕಿತ್ತು.  ಸಾವಿರಾರು ಮಕ್ಕಳಿಗೆ ಸತ್ಯ ಹೇಳು ಎಂದು ಪಾಠ ಮಾಡಿದ ಮೇಷ್ಟ್ರು ನಾನು, “ಕೂತ್ಕೋ, ಅತ್ತೆಗೆ ಫೋನ್ ಮಾಡ್ತೀನಿ” ಎಂದು ಒಳಗೆ ಓಡಿದೆ.

ಯಾರದೋ ಸೂಜಿ ಮಂಜಮ್ಮನಿಗೆ ಚುಚ್ಚಿದೆ ಎಂದೆ. ಅತ್ತೆ ಗಾಬರಿಯಾಗಲಿಲ್ಲ. “ಸೋಪು ಹಾಕಿ ತೊಳೆದ್ಳಾ? ಹರಿಯೋ ನೀರಲ್ಲಿ ತೊಳೆಸು, ಹಿಂಡ್ಬಾರ್ದು. ಈಗ್ಲೇ ಆಸ್ಪತ್ರೆಗೆ ಕರ್ಕಂಡು ಹೋಗು, ನಾಳೆ ಅನ್ಬೇಡ” ಎಂದರು. ಆಮೇಲೆ ನಿಧಾನವಾಗಿ ಸೇರಿಸಿದರು: “ಸೂಜಿ ಯಾರದು ಅಂತ ಗೊತ್ತಾದ್ರೆ ಅವರ ರಕ್ತ ನೋಡಬಹುದು. ಅವರಿಗೆ ಎಂತದೂ ಇಲ್ಲ ಅಂತಾದ್ರೆ ಇವಳ ಮುಕ್ಕಾಲು ಭಯ ಹೋಗ್ತದೆ. ಗೊತ್ತಾಗ್ಲಿಲ್ಲ ಅಂದ್ರೆ, ಪಾಪ, ತಿಂಗಳುಗಟ್ಟಲೆ ಸಾಯ್ತಾ ಬದುಕ್ತಾಳೆ.”



“ನಂದೇ ಅತ್ತೆ” ಎಂದೆ.

 ಅತ್ತೆ “ಮೊದ್ಲು ಅವಳಿಗೆ ಹೇಳು. ನಾನು ಬಸ್ಸು ಹತ್ತೀನಿ” ಎಂದು ಇಟ್ಟುಬಿಟ್ಟರು.

ಮಂಜಮ್ಮನ ಕೈ ತೊಳೆಸಿ ಆಟೋ ಹತ್ತಿಸಿದೆ. ಹೇಳಿದ್ದು ಮಾತ್ರ ಆಸ್ಪತ್ರೆಯ ಬೆಂಚಿನ ಮೇಲೆ, ಅಲ್ಲಿಯ ತನಕ ನನಗೆ ಧೈರ್ಯ ಬಂದಿರಲಿಲ್ಲ. “ಮಂಜಮ್ಮ, ಅದು ನಂದು. ನಾನೇ ಕಸಕ್ಕೆ ಹಾಕಿದ್ದು. ತಪ್ಪಾಯ್ತು.” ಅವಳು ಬಯ್ದಿದ್ದರೆ ಚೆನ್ನಾಗಿತ್ತು. ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡಳು.

“ಗೊತ್ತಿತ್ತು ಸಾರ್. ನಿಮ್ಮನೆ ಚೀಲದಾಗೇ ಚುಚ್ಚಿದ್ದು. ಬ್ಯಾರೆ ಮನೇವ್ಕೆಲ್ಲ ಕೋಲು ಹಾಕಿ ಕೆದಕ್ತೀನಿ. ಸಿಸ್ಟರಮ್ಮನ ಮನೇದು ಅಂತ ನಿಮ್ದೊಂದಕ್ಕೇ ಬರಿಗೈ ಹಾಕೋದು. ಅವ್ರ ಕಿವಿಗೆ ಬಿದ್ರೆ ತಡ್ಕಳಲ್ಲ ಅಂತ ಸುಮ್ನಿದ್ದೆ. ನೀವೂ ಹೇಳ್ಬ್ಯಾಡಿ.”

ನಾನು ಆಗಲೇ ಹೇಳಿಬಿಟ್ಟಿದ್ದೆ. ಸಾಯುವಷ್ಟು ಹೆದರಿಕೊಂಡವಳು ನಮ್ಮತ್ತೆಯ ಮರ್ಯಾದೆ ಕಾಯುತ್ತ ಕೂತಿದ್ದಳು!

ನಮ್ಮಿಬ್ಬರ ರಕ್ತವನ್ನೂ ತೆಗೆದುಕೊಂಡರು. ಅವಳಿಗೆ ಕಾಮಾಲೆ ತಡೆಯುವ ಚುಚ್ಚುಮದ್ದು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಕೈಚೀಲ ಹಿಡಿದು ನೇರವಾಗಿ ಆಸ್ಪತ್ರೆಗೇ ಬಂದರು. ನನ್ನನ್ನು ದಾಟಿ ಹೋಗಿ ಮಂಜಮ್ಮನ ಪಕ್ಕ ಕೂತರು. “ತಪ್ಪು ನಂದು ಕಣೆ ಮಂಜಿ. ಡಬ್ಬ ತುಂಬ್ತದೆ ಅಂತ ಗೊತ್ತಿದ್ದೂ ಬೇರೇದು ತೆಗ್ದಿಡದೇ ಊರಿಗೆ ಹೋದೆ.” “ನಿಮ್ದೆಂತದೂ ತಪ್ಪಿಲ್ಲ ಬಿಡಿ ಸಿಸ್ಟರಮ್ಮ” ಎಂದಳು ಮಂಜಮ್ಮ. ತಪ್ಪು ಮಾಡಿದವನು ಗೋಡೆಗೆ ಒರಗಿ ನಿಂತಿದ್ದೆ. ಅವರಿಬ್ಬರೂ ಕೈ ಹಿಡಿದುಕೊಂಡು ಕೂತಿದ್ದರು.

ಸಂಜೆಗೆ ನನ್ನ ರಿಪೋರ್ಟು ಬಂತು. ಸಕ್ಕರೆ ಬಿಟ್ಟರೆ ನನ್ನ ರಕ್ತದಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಭಯವಿಲ್ಲ, ಆದರೂ ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು. ಮಂಜಮ್ಮ ಎದ್ದು ಮುಖ ತೊಳೆದುಕೊಂಡು, ಮೊಮ್ಮಗು ಕಾಯ್ತಿರ್ತದೆ ಎಂದು ಮನೆಗೆ ಹೊರಟಳು.

“ಬಯ್ರಿ ಅತ್ತೆ” ಎಂದೆ ದಾರಿಯಲ್ಲಿ.

“ಬಯ್ದ್ರೆ ನಿಂಗೆ ಹಗುರಾಗ್ತದೆ. ಬೇಡ” ಎಂದರು.

ವಾರ ಕಳೆದು ಮಂಜಮ್ಮ ಕೆಲಸಕ್ಕೆ ಬಂದಳು. ಅಂದು ಬೆಳಿಗ್ಗೆ ಅತ್ತೆ ಗೇಟಿನಲ್ಲಿ ನಿಂತಿದ್ದರು, ನಾನು ಬಾಗಿಲಲ್ಲಿದ್ದೆ. ಅವಳು ನಮ್ಮ ಚೀಲ ತೆಗೆದುಕೊಂಡಳು, ಬಿಚ್ಚಿದಳು, ಒಂದು ಕ್ಷಣ ತಡೆದಳು. ಆಮೇಲೆ ಅತ್ತೆಯ ಮುಖ ನೋಡದೆ ಗಾಡಿಯಿಂದ ಕೋಲು ತೆಗೆದು ಅದರೊಳಗೆ ಕೆದಕಿದಳು.

“ಸರಿ ಮಾಡ್ದೆ ಮಂಜಿ. ಯಾರ ಮನೇದನ್ನೂ ನಂಬಬಾರ್ದು” ಎಂದರು ಅತ್ತೆ. ದನಿ ಗಟ್ಟಿಯಾಗಿಯೇ ಇತ್ತು. ಒಳಗೆ ಬರುವಾಗ ಹೊಸ್ತಿಲಲ್ಲಿ ಗೋಡೆ ಹಿಡಿದುಕೊಂಡರು. ಮೂವತ್ತು ವರ್ಷ ಗಡಿಯಾರ ನೋಡಿಕೊಂಡು ಗಳಿಸಿದ ನಂಬಿಕೆಯನ್ನು ನಾನು ಒಂದು ಹಳೆಯ ಪೇಪರಿನಲ್ಲಿ ಸುತ್ತಿ ಎಸೆದಿದ್ದೆ.

ಕೈ ತೊಳೆದು ಬಂದು ಅತ್ತೆ ಡಬ್ಬಿ ತೆರೆದರು. ದಿನಾ ನಾನೇ ಚುಚ್ಚಿಕೊಳ್ಳುವುದು. ಅಂದು ನಾನು ಕೈ ಚಾಚಿದರೂ ಕೊಡದೆ, ಕಾಗದ ಹರಿದು, ಸೂಜಿಯನ್ನು ಇನ್ಸುಲಿನ್ ಪೆನ್ನಿಗೆ ಸಿಕ್ಕಿಸಿ, ತಾವೇ ನನ್ನ ಹೊಟ್ಟೆಗೆ ಚುಚ್ಚಿದರು. ಅವರ ಕೈ ಅದೆಷ್ಟು ಹಗುರವೆಂದರೆ ಸೂಜಿ ಹೋದದ್ದೂ ಬಂದದ್ದೂ ನನಗೆ ತಿಳಿಯಲಿಲ್ಲ.

“ನೋವಾಯ್ತಾ ಮಗಾ?” ಎಂದರು.

ನನಗೆ ಐವತ್ತೆರಡು ವರ್ಷ. “ಹೌದು ಅತ್ತೆ” ಎಂದು ಅತ್ತುಬಿಟ್ಟೆ.